ಅಣ್ಣ ಬೇಲಿ ಸರಿಸಿದ, ನಾನು ಕ್ಷಮಿಸಲೇಬೇಕಾ?

ಪ್ರಶ್ನೆ: ಅಪ್ಪ ಹೋದ ಮೇಲೆ ಅಣ್ಣ ಕಾಫಿ ತೋಟದ ಬೇಲಿ ಸರಿಸಿ, ನನ್ನ ಪಾಲಿನ ಎರಡು ಸಿಲ್ವರ್ ಮರ ಕಡಿದು ಮಾರಿದ. ಭಾನುವಾರ ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ. ಮುಯ್ಯಿ ತೀರಿಸಬೇಕು ಅನ್ನಿಸುತ್ತದೆ. ತಪ್ಪಾ?
– ಹೆಸರು ಬೇಡ, ಮೂಡಿಗೆರೆ

ಉತ್ತರ: ಸಿಟ್ಟು ಬರುವುದು ತಪ್ಪಲ್ಲ. ಆದರೆ ಮುಯ್ಯಿ ದೇವರ ಕೆಲಸ, ನಿಮ್ಮದಲ್ಲ ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದಿದ್ದಾನೆ (12:19). ಹಾಗಂತ ಸುಮ್ನೆ ನುಂಗಿಕೊಳ್ಳಿ ಅಂತಲ್ಲ. 1999ರಲ್ಲಿ ಒಡಿಶಾದಲ್ಲಿ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಅವರ ಗಂಡನನ್ನೂ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ವಾಹನದಲ್ಲೇ ಸುಟ್ಟು ಕೊಂದರು. ಆ ತಾಯಿ ಕ್ಷಮಿಸಿದ್ದೇನೆ ಅಂದರು, ಕೇಸು ಮಾತ್ರ ನಡೆದೇ ನಡೆಯಿತು, ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯೂ ಆಯಿತು. ಎರಡೂ ಒಟ್ಟಿಗೆ ಇರಬಹುದು, ಅಲ್ವಾ?

ನೀವು ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿದರೆ ಅದು ಮುಯ್ಯಿ ಅಲ್ಲ. ರಾತ್ರೋರಾತ್ರಿ ಅವರ ಮರಕ್ಕೆ ಕೊಡಲಿ ಹಾಕಿದರೆ ಮುಯ್ಯಿ.

ಯೇಸು ಏಳೆಪ್ಪತ್ತು ಸಾರಿ ಕ್ಷಮಿಸು ಅಂದದ್ದು ಲೆಕ್ಕ ಇಡಲಿಕ್ಕಲ್ಲ. ಬೆಳಿಗ್ಗೆ ಕ್ಷಮಿಸಿದ ಮನಸ್ಸು ಸಂಜೆ ಆ ಮರದ ಬುಡ ಕಂಡರೆ ಮತ್ತೆ ಕುದಿಯುತ್ತದೆ, ಆಗ ಮತ್ತೆ ಕ್ಷಮಿಸಬೇಕು, ಇದು ನಿಜಕ್ಕೂ ಕಷ್ಟ. ಅರ್ಜಿಗೆ ಮುಂಚೆ ಒಮ್ಮೆ ಅಣ್ಣನ ಮನೆಗೆ ಹೋಗಿ, ಇಬ್ಬರೇ ಇದ್ದಾಗ ಎದುರೇ ಹೇಳಿ. ಮತ್ತಾಯ 18ರಲ್ಲಿ ಯೇಸು ಮೊದಲು ಮಾಡಿ ಅಂದದ್ದೂ ಅದನ್ನೇ.