ಮೂರು ಮಂದಿ ಮೂರು ಥರ ಕಾಲುವೆ ಎಳೆದ್ರ ಏನ್ ಮಾಡ್ಬೇಕು?

ಪ್ರಶ್ನೆ: ನಮ್ ಸರ್ವೆ ಆಫೀಸಿನ್ಯಾಗ ಮೂರು ಮಂದಿ ಆಟೋಕ್ಯಾಡ್ ಮ್ಯಾಪ್ 3ಡಿ ಅನ್ನೋ ನಕ್ಷೆ ಎಳಿಯೋ ಸಾಫ್ಟ್‌ವೇರ್ ಒಳಗ ತುಂಗಭದ್ರಾ ಎಡದಂಡೆ ಕಾಲುವೆ ನಕ್ಷೆ ಮಾಡ್ತೀವ್ರಿ. ಉಪಕಾಲುವೆಗೆ ಒಬ್ಬೊಬ್ರು ಒಂದೊಂದು ಲೇಯರ್ ಇಡ್ತಾರ, ತೂಬಿಗೆ ಒಬ್ರು ಸರ್ಕಲ್ ಹಾಕಿದ್ರ ಇನ್ನೊಬ್ರು ಬ್ಲಾಕ್ (ಸಿದ್ಧ ಚಿಹ್ನೆ) ಹಾಕ್ತಾರ, ಕೂಡಿಸೋವಾಗ ತಲಿ ಕೆಡತೈತಿ. ಆಬ್ಜೆಕ್ಟ್ ಕ್ಲಾಸ್ (ಒಂದು ಥರದ ವಸ್ತುನ ಎಲ್ಲಾರೂ ಒಂದೇ ರೀತಿ ಎಳಿಯೋ ಹಂಗ ಮಾಡೋ ಅಚ್ಚು) ಮಾಡೋದು ಹೆಂಗ್ರಿ?
- ಓದುಗರು, ಗಂಗಾವತಿ

ಉತ್ತರ: ಮೊದ್ಲ ಕಂಪ್ಯೂಟರ್ ಬಿಟ್ಟು ಮೂರೂ ಮಂದಿ ಹಾಳಿ ಪೆನ್ನು ತಗೊಂಡು ಕುಂದರ್ರಿ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ, ತೂಬು, ಸೇತುವೆ, ರಸ್ತೆ, ನಿಮ್ಮ ನಕ್ಷೆಗೆ ಬೇಕಾದ ವಸ್ತು ಇಷ್ಟ ಇರ್ತಾವ. ಇಲ್ಲೇ ಭಾಳ ಮಂದಿ ಎಡವತಾರ, ನಾಕು ಮೀಟರ್ ಕಾಲುವೆಗೊಂದು ಕ್ಲಾಸ್, ಆರು ಮೀಟರ್‌ಗೊಂದು, ಸಿಮೆಂಟ್ ಲೈನಿಂಗ್ ಇದ್ದಿದ್ದಕ್ಕೊಂದು ಅಂತ ಮಾಡ್ಕೊಂತ ಹೋಗಿ ಕಡೀಗೆ ಯಾವ್ದನ್ನ ಆರಿಸಬೇಕು ಅನ್ನೋದ ತಿಳಿಯಂಗಿಲ್ಲ. ಹಂಗ ಮಾಡ್ಬ್ಯಾಡ್ರಿ. ಕಾಲುವೆ ಅನ್ನೋದು ಕ್ಲಾಸ್, ಅಗಲ, ಲೈನಿಂಗ್, ಉಪಕಾಲುವೆ ನಂಬರ್ ಇವೆಲ್ಲ ಅದರ ಪ್ರಾಪರ್ಟಿ (ಗುಣ). ನಾಳೆ ಮಣ್ಣಿನ ಕಾಲುವೆಗೆ ಲೈನಿಂಗ್ ಆದ್ರ ಒಂದು ವ್ಯಾಲ್ಯೂ ಬದಲಾಯಿಸಿದ್ರ ಸಾಕು, ಗೆರಿ ಮುಟ್ಟೋದ ಬ್ಯಾಡ.

ಅದಾದ ಮ್ಯಾಲೆ ಒಬ್ಬರಿಗೇ ಜವಾಬ್ದಾರಿ ಕೊಡ್ರಿ. ಕ್ಲಾಸ್ ಮಾಡಾಕ, ತಿದ್ದಾಕ ಸೂಪರ್‌ಯೂಸರ್ ಆಗಿ (ಎಲ್ಲಾ ಹಕ್ಕು ಇರೋ ಯೂಸರ್), ಇಲ್ಲಾ ಕ್ಲಾಸ್ ತಿದ್ದೋ ಹಕ್ಕು ಇರೋ ಯೂಸರ್ ಆಗಿ ಲಾಗಿನ್ ಆಗಬೇಕು, ಆ ಹಕ್ಕು ಎಲ್ಲಾರಿಗೂ ಕೊಟ್ರ ಮತ್ತ ಹಳೇ ಕಥೀನ. ಅವರು ಕ್ಲಾಸ್ ಎಲ್ಲಾ ಬರೆದಿಡೋ ಹೊಸ ಡೆಫಿನಿಷನ್ ಫೈಲ್ ಮಾಡಿ (ಅದು ಎಕ್ಸ್‌ಎಂಎಲ್ ಫೈಲ್), ಎಲ್ಲಾ ಸರಿ ಇರೋ ಒಂದು ಮಾದರಿ ಕಾಲುವೆ ಎಳೆದು, ಅದಕ್ಕ ಆಬ್ಜೆಕ್ಟ್ ಡೇಟಾ ಟೇಬಲ್ (ಗೆರಿ ಜೋಡಿ ಮಾಹಿತಿ ಇಡೋ ಪಟ್ಟಿ) ಮೊದ್ಲ ಹಚ್ಚಿ, ಆ ಗೆರೀನ ಆರಿಸಿ ಕ್ಲಾಸ್ ಡಿಫೈನ್ ಮಾಡ್ಬೇಕು. ಟೇಬಲ್ ಹಚ್ಚೋದು ಮರೆತ್ರ ಅಗಲ, ನಂಬರ್ ಇಂಥ ಫೀಲ್ಡು ಪಟ್ಟಿಯೊಳಗ ಬರಂಗಿಲ್ಲ. ಲೇಯರ್, ಬಣ್ಣ, ಲೈನ್‌ಟೈಪ್‌ಗೆ ಡಿಫಾಲ್ಟ್ ಕೊಡ್ರಿ, ಅಗಲಕ್ಕ ರೇಂಜ್ ಕೊಡ್ರಿ. ಕಾಲುವೆ ಅಂದ್ರ ಪಾಲಿಲೈನ್ (ತುಂಡು ತುಂಡು ಕೂಡಿಸಿದ ಒಂದೇ ಗೆರಿ), ತೂಬು ಅಂದ್ರ ಬ್ಲಾಕ್, ಇದನ್ನ ಕ್ಲಾಸ್‌ನ್ಯಾಗ ಕಟ್ಟಿಬಿಟ್ರ ಸರ್ಕಲ್ ಜಗಳ ಮುಗೀತು. ಫೈಲ್ ಎಲ್ಲಾರಿಗೂ ಸಿಗೋ ನೆಟ್‌ವರ್ಕ್ ಫೋಲ್ಡರ್‌ನ್ಯಾಗ ಇರ್ಲಿ, ಪ್ರತಿ ಡ್ರಾಯಿಂಗ್‌ಗೂ ಅದನ್ನ ಅಟ್ಯಾಚ್ ಮಾಡ್ರಿ, ತಮ್ಮ ತಮ್ಮ ಡೆಸ್ಕ್‌ಟಾಪ್‌ಗೆ ಯಾರೂ ಕಾಪಿ ಮಾಡ್ಕೋಬಾರ್ದು.

ಹಳೇ ಡ್ರಾಯಿಂಗ್‌ಗೆ ಕ್ಲಾಸಿಫೈ ಮಾಡೋಕಿಂತ ಮೊದ್ಲ ಡ್ರಾಯಿಂಗ್ ಕ್ಲೀನಪ್ (ಗೆರಿ ತಪ್ಪು ಸರಿ ಮಾಡೋ ಸಾಧನ) ಓಡಿಸ್ರಿ, ಯಾಕಂದ್ರ ತುಂಡಾದ ಗೆರಿಗೆ ಕ್ಲಾಸ್ ಹಚ್ಚಿದ್ರೂ ಅದು ತುಂಡಾದ ಗೆರೀನ. ಮೂರೂ ಮಂದಿದು ಒಂದೇ ಕೋಆರ್ಡಿನೇಟ್ ಸಿಸ್ಟಮ್ (ಜಾಗ ಗುರುತಿಸೋ ಅಳತಿ ಪದ್ಧತಿ) ಐತೇನು ಅದನ್ನೂ ನೋಡ್ರಿ, ಡಬ್ಲ್ಯೂಜಿಎಸ್ 84 ಬಳಸೋದಾದ್ರ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಊರು ಯುಟಿಎಂ 43 ಉತ್ತರ ವಲಯದಾಗ ಬರ್ತಾವ.

ಇನ್ನೊಂದು ಮಾತು, ಕಾಲುವೆ ಗೆರಿ ಯಾವಾಗ್ಲೂ ನೀರು ಹರಿಯೋ ದಿಕ್ಕಿಗೇ ಎಳೀರಿ, ತೂಬಿನ ನಂಬರ್ ಖಾಲಿ ಬಿಡಬ್ಯಾಡ್ರಿ. ಕೊನೇ ಭಾಗದ ಹೊಲಕ್ಕ ನೀರು ಮುಟ್ಟಿಲ್ಲ ಅಂತ ರೈತರು ಕೇಳಾಕ ಬಂದಾಗ ಯಾವ ತೂಬಿನ ಕೆಳಗ ಯಾರ ಹೊಲ ಅಂತ ತಿಳಿಯೋದು ಆ ನಂಬರ್‌ನಿಂದನ.