ಕೇಕ್ ಗಟ್ಟಿಯಾಯಿತೇ? ಎಸೆಯಬೇಡಿ, ಪಾಕ ಕುಡಿಸಿ

ಪ್ರಶ್ನೆ: ಅತ್ತೆಯವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ಮೊಟ್ಟೆ ಹಾಕದ ಕೇಕ್ ಮಾಡಿದೆ. ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ. ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ತಿರುಗಿಸಿ ಟಿನ್‌ಗೆ ಸುರಿಯುವಷ್ಟರಲ್ಲಿ ಕರೆಂಟ್ ಹೋಯಿತು. ಮುಕ್ಕಾಲು ಗಂಟೆ ಕಾದು, ಮತ್ತೆ ಬಂದ ಮೇಲೆ ಬೇಯಿಸಿದೆ. ರುಚಿ ಚೆನ್ನಾಗಿದೆ, ಆದರೆ ಕೇಕ್ ಏರಲೇ ಇಲ್ಲ, ಕತ್ತರಿಸಿದರೆ ಒತ್ತೊತ್ತಾಗಿದೆ. ಮುಂದಿನ ಸಲ ಸೋಡಾ ಹೆಚ್ಚು ಹಾಕಲೇ? ಈಗ ಇರುವ ಕೇಕನ್ನು ಏನು ಮಾಡಲಿ?
– ಓದುಗರು, ರಾಜಾಜಿನಗರ

ಉತ್ತರ: ದಯವಿಟ್ಟು ಎಸೆಯಬೇಡಿ. ರುಚಿ ಚೆನ್ನಾಗಿದೆ ಎಂದು ನೀವೇ ಬರೆದಿದ್ದೀರಿ. ಅಂದ ಮೇಲೆ ಕೆಟ್ಟಿರುವುದು ಕೇಕಿನ ಮೈ ಮಾತ್ರ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕೇಕ್ ಗಟ್ಟಿಯಾಗಿದೆಯೋ, ಒಳಗೆ ಹಸಿಯಾಗಿದೆಯೋ? ಎರಡೂ ಬೇರೆ. ನಡುಭಾಗದ ಚೂರನ್ನು ಬೆರಳಲ್ಲಿ ಒತ್ತಿದಾಗ ಉದುರಿದರೆ ಬೆಂದಿದೆ. ಅಂಟಂಟಾಗಿ, ಹಿಟ್ಟಿನ ವಾಸನೆ ಬಂದರೆ ಬೆಂದಿಲ್ಲ. ಹಾಗೆಯೇ ತಿನ್ನಬಾರದು, ಹಸಿ ಮೈದಾ ಹೊಟ್ಟೆ ಕೆಡಿಸಬಲ್ಲದು. ಆರಿದ ಕೇಕನ್ನು ಇಡಿಯಾಗಿ ಮತ್ತೆ ಓವನ್‌ಗೆ ಇಟ್ಟರೆ ನಡುಭಾಗ ಬೇಯುವಷ್ಟರಲ್ಲಿ ಅಂಚು ಒಣಗುತ್ತದೆ. ಒಂದು ಬೆರಳು ದಪ್ಪಕ್ಕೆ ಕತ್ತರಿಸಿ, ಹೋಳುಗಳನ್ನು ಹರಡಿ, 160 ಡಿಗ್ರಿಯಲ್ಲಿ ಒಳಗಿನ ಅಂಟು ಹೋಗುವವರೆಗೆ ಬೇಯಿಸಿ.

ಪೂರ್ತಿ ಬೆಂದಿದ್ದರೆ ನನ್ನ ಸಲಹೆ ಒಂದೇ: ಅದನ್ನು ನಮ್ಮ ಬೆಂಗಳೂರಿನ ಹನಿ ಕೇಕ್ ಮಾಡಿ. ಅಯ್ಯಂಗಾರ್ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಜ್ಯಾಮ್, ಬಿಳಿ ಕೊಬ್ಬರಿ ಹೊದ್ದು ಕೂತಿರುತ್ತದಲ್ಲ, ಅದೇ. ಪಾಕ ಹೀರಿದ ಮೇಲೆ ಕೇಕಿನ ಬಿಗಿತ ಕೊರತೆ ಎನಿಸುವುದಿಲ್ಲ. ಹಗುರವಾದ ಸ್ಪಂಜಿನಂತೆ ಪಾಕಕ್ಕೆ ಕುಸಿದು ಮುದ್ದೆಯಾಗುವುದೂ ಇಲ್ಲ.

ಅರ್ಧ ಕಪ್ ಸಕ್ಕರೆಗೆ ಅರ್ಧ ಕಪ್ ನೀರು ಹಾಕಿ ಎರಡು ಮೂರು ನಿಮಿಷ ಕುದಿಸಿ. ಎಳೆ ಬರಬಾರದು, ಎಳೆಪಾಕ ಒಳಗಿಳಿಯದೆ ಮೇಲೆಯೇ ಸಕ್ಕರೆಗಟ್ಟುತ್ತದೆ. ಉಗುರುಬೆಚ್ಚಗಾದ ಮೇಲೆ ಎರಡು ದೊಡ್ಡ ಚಮಚ ಜೇನುತುಪ್ಪ, ನಾಲ್ಕು ಹನಿ ನಿಂಬೆರಸ ಬೆರೆಸಿ. ಇನ್ನು ಗಟ್ಟಿ ಕೇಕಿಗೆ ಬೇಕಾದ ವಿಶೇಷ ಆರೈಕೆ: ಮೇಲಿನಿಂದ ಸುರಿದರೆ ಸಾಲದು, ಪಾಕ ಅರ್ಧದಲ್ಲೇ ನಿಲ್ಲುತ್ತದೆ. ಕೇಕನ್ನು ಅಡ್ಡಲಾಗಿ ಎರಡು ಪದರ ಮಾಡಿ, ಕತ್ತರಿಸಿದ ಮುಖಗಳ ಮೇಲೆ ಟೂತ್‌ಪಿಕ್‌ನಿಂದ ಒತ್ತೊತ್ತಾಗಿ ಚುಚ್ಚಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಮೂರು ಸಲ, ನಡುನಡುವೆ ಐದೈದು ನಿಮಿಷ ಬಿಟ್ಟು ಹಾಕಿ. ಪದರಗಳನ್ನು ಜೋಡಿಸಿ. ಮೂರು ನಾಲ್ಕು ಚಮಚ ಮಿಕ್ಸೆಡ್ ಫ್ರೂಟ್ ಜ್ಯಾಮನ್ನು ಒಂದು ಚಮಚ ನೀರಿನೊಡನೆ ಬಿಸಿ ಮಾಡಿ ಮೇಲೆ ಸವರಿ, ಒಣಕೊಬ್ಬರಿ ಪುಡಿ ಉದುರಿಸಿ. ಮೂರು ಗಂಟೆಯಾದರೂ ಮುಚ್ಚಿಡಿ. ಬೆಳಿಗ್ಗೆ ಮಾಡಿಟ್ಟರೆ ಸಂಜೆಯ ಕಾಫಿ ಹೊತ್ತಿಗೆ ನಿಮ್ಮ ಅತ್ತೆಯವರ ಮುಂದೆ ಧೈರ್ಯವಾಗಿ ಇಡಬಹುದು.

ಸಿಹಿ ಅಷ್ಟು ಬೇಡವೆಂದರೆ ಹೋಳು ಮಾಡಿ, 150 ಡಿಗ್ರಿಯಲ್ಲಿ ಎರಡೂ ಬದಿ ಕೆಂಪಗಾಗುವಂತೆ ಒಣಗಿಸಿ. ಕೇಕ್ ರಸ್ಕ್ ಆಗುತ್ತದೆ. ಆರಿದ ಮೇಲೆ ಗರಿಗರಿ. ಪುಡಿ ಮಾಡಿ ಬಿಸಿ ಕಸ್ಟರ್ಡ್, ಬಾಳೆಹಣ್ಣು, ದಾಳಿಂಬೆಯ ಜೊತೆ ಲೋಟದಲ್ಲಿ ಪದರ ಪದರವಾಗಿ ಹಾಕಿಕೊಟ್ಟರೆ ಮಕ್ಕಳು ಕೇಕ್ ಏರಲಿಲ್ಲವೆಂದು ಕೇಳುವುದೇ ಇಲ್ಲ.

ಈಗ ಸೋಡಾ ಪ್ರಶ್ನೆ. ಹೆಚ್ಚು ಹಾಕಬೇಡಿ! ನಿಮ್ಮ ಅಳತೆ ಸರಿಯಾಗಿಯೇ ಇದೆ. ತಪ್ಪಿದ್ದು ಎರಡು ಕಡೆ. ಮೈದಾವನ್ನು ಮಿಕ್ಸಿಯಲ್ಲಿ ತಿರುಗಿಸಿದಾಗ ಅದರಲ್ಲಿರುವ ಗ್ಲೂಟೆನ್ ಎಂಬ ಅಂಟು ಬಲಿತು, ಹಿಟ್ಟು ಚಪಾತಿ ಹಿಟ್ಟಿನಂತೆ ಜಿಗುಟಾಗುತ್ತದೆ. ಎರಡನೆಯದು ಆ ಮುಕ್ಕಾಲು ಗಂಟೆ. ಸೋಡಾ ಮೊಸರಿನ ಹುಳಿಯನ್ನು ಮುಟ್ಟಿದ ಕ್ಷಣದಿಂದ ಗಾಳಿಗುಳ್ಳೆ ಏಳಲು ಶುರು. ಟಿನ್ ಓವನ್‌ಗೆ ಹೋಗುವಷ್ಟರಲ್ಲಿ ಅರ್ಧಕ್ಕರ್ಧ ಗುಳ್ಳೆ ಒಡೆದುಹೋಗಿತ್ತು. ಕರೆಂಟ್ ನಂಬುವಂತಿಲ್ಲದ ದಿನ ಒಣ ಪದಾರ್ಥ ಒಂದು ಪಾತ್ರೆಯಲ್ಲಿ, ಮೊಸರು, ಸಕ್ಕರೆ, ಎಣ್ಣೆ ಇನ್ನೊಂದರಲ್ಲಿ ಇಟ್ಟುಕೊಳ್ಳಿ. ಓವನ್ 180 ಡಿಗ್ರಿಗೆ ಕಾದ ಮೇಲೆಯೇ ಎರಡನ್ನೂ ಸೇರಿಸಿ, ಮೈದಾ ಕಾಣದಂತಾದ ಕೂಡಲೇ ಸೌಟು ನಿಲ್ಲಿಸಿ. ಸಣ್ಣ ಗಂಟು ಉಳಿದರೆ ಉಳಿಯಲಿ.

ಸೋಡಾ ಹೆಚ್ಚಿಸಬಾರದು ಎನ್ನುವುದಕ್ಕೆ ನಮ್ಮ ಊರೂ ಒಂದು ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಕೇಕಿನ ಗುಳ್ಳೆಗಳು ಮಂಗಳೂರಿನಲ್ಲಿ ಹಿಗ್ಗುವುದಕ್ಕಿಂತ ಸ್ವಲ್ಪ ಹೆಚ್ಚೇ ಹಿಗ್ಗುತ್ತವೆ. ಸೋಡಾ ಜಾಸ್ತಿಯಾದರೆ ಕೇಕ್ ಬೇಗ ಉಬ್ಬಿ, ಗುಳ್ಳೆಗಳ ಗೋಡೆ ಗಟ್ಟಿಯಾಗುವ ಮೊದಲೇ ನಡುವೆ ಕುಸಿದು ಮತ್ತೆ ಒತ್ತೊತ್ತಾಗುತ್ತದೆ, ಬಾಯಿಗೆ ಸಾಬೂನಿನ ರುಚಿ ಬೇರೆ. ಆಗಷ್ಟೇ ತಂದ ಪ್ಯಾಕೆಟ್ ಮೊಸರಿನಲ್ಲಿ ಹುಳಿ ಕಡಿಮೆ ಎನಿಸಿದರೆ ಒಂದು ಚಮಚ ನಿಂಬೆರಸ ಸೇರಿಸಿ. ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಡಿ. ಬೇಕಿಂಗ್ ಪೌಡರ್ ಡಬ್ಬಿ ಕಳೆದ ಕ್ರಿಸ್‌ಮಸ್‌ನದೇ? ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ಭರ್ರೆಂದು ನೊರೆಯೇಳದಿದ್ದರೆ ಹೊಸದು ತನ್ನಿ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿ ಮಾಡಿದ ಕೇಕಿನ ತಳ ಗಟ್ಟಿಯಾಗಿ ಕಪ್ಪಾಗುತ್ತದೆ. ಏನು ಪರಿಹಾರ?
– ಓದುಗರು, ಬನಶಂಕರಿ

ಉತ್ತರ: ಕುಕ್ಕರನ್ನು ನೀರಿಲ್ಲದೆ ಅಷ್ಟು ಹೊತ್ತು ಕಾಯಿಸುವುದು ಅದಕ್ಕೂ ಒಳ್ಳೆಯದಲ್ಲ. ದಪ್ಪ ತಳದ ಹಳೆಯ ಪಾತ್ರೆ, ಸರಿಯಾಗಿ ಕೂರುವ ಮುಚ್ಚಳ, ಒಳಗೊಂದು ಎತ್ತರದ ಸ್ಟ್ಯಾಂಡ್ ಇದ್ದರೆ ಸಾಕು. ಟಿನ್ ತಳಕ್ಕೆ ತಾಗಬಾರದು. ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಪಾತ್ರೆ ಕಾಯಿಸಿ, ಟಿನ್ ಇಟ್ಟ ಮೇಲೆ ಉರಿ ತೀರಾ ಸಣ್ಣದು ಮಾಡಿ. ನಲವತ್ತು ನಿಮಿಷದವರೆಗೆ ಮುಚ್ಚಳ ತೆಗೆಯಬೇಡಿ. ಕಪ್ಪಾದ ತಳವನ್ನು ತೆಳ್ಳಗೆ ಹೆರೆದು ತೆಗೆದರೆ ಉಳಿದದ್ದಕ್ಕೆ ಮೇಲೆ ಹೇಳಿದ ಪಾಕ ಚೆನ್ನಾಗಿ ಹೊಂದುತ್ತದೆ.