ಕೊನೆಯ ಹಾಡಿಗೆ ಎದ್ದು ಹೋಗಬೇಡಿ

ಎರಡು ವರ್ಷದಿಂದ ಒಂದೇ ಚರ್ಚಿಗೆ ಹೋಗುತ್ತಿದ್ದೇನೆ, ಯಾರೂ ಮಾತಾಡಿಸುವುದಿಲ್ಲ, ಬೇರೆ ಚರ್ಚು ಹುಡುಕಲೋ ಮನೆಯಲ್ಲೇ ಆನ್‌ಲೈನ್ ಆರಾಧನೆ ನೋಡಲೋ ಎಂದು ಕೇಳಿದ್ದೀರಿ. ಹತ್ತು ಹನ್ನೆರಡು ವರ್ಷದ ಹಿಂದೆ ನಾನೂ ಇದನ್ನೇ ಅಮ್ಮನಿಗೆ ಫೋನಿನಲ್ಲಿ ಹೇಳಿ ಅತ್ತಿದ್ದೆ.

ನಾನು ಉಡುಪಿಯಿಂದ ಬೆಂಗಳೂರಿಗೆ ಕೆಲಸಕ್ಕೆಂದು ಬಂದವಳು. ನಮ್ಮೂರ ಕಡೆಯ ಸಭೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವು, 1834ರಲ್ಲಿ ಮಂಗಳೂರಿಗೆ ಬಂದ ಮೂವರು ಪಾದ್ರಿಗಳಿಂದ ಶುರುವಾದದ್ದು. ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಈಗ ಹೆಚ್ಚಿನವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಭಾಷೆಯೂ ಕನ್ನಡವೇ. ಆದರೂ ಇಲ್ಲಿ ಮೊದಲ ಭಾನುವಾರ ನನಗೆ ಗೊತ್ತಿದ್ದ ಹಾಡನ್ನೇ ಬೇರೆ ರಾಗದಲ್ಲಿ ಹಾಡಿದಾಗ ಬಾಯಿ ಕಟ್ಟಿಹೋಯಿತು. ಅಂದಿನಿಂದ ಬಾಗಿಲ ಪಕ್ಕದ ಕೊನೆಯ ಬೆಂಚು ನನ್ನದಾಯಿತು.

ನನ್ನ ತಪ್ಪು ಆ ಬೆಂಚಲ್ಲ. ಕೊನೆಯ ಹಾಡಿನ ಎರಡನೇ ಚರಣಕ್ಕೆ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಿದ್ದೆನಲ್ಲ, ಅದು. ಬಸ್ಸು ತಪ್ಪುತ್ತದೆ ಎಂಬುದೊಂದು ನೆಪ. ಬಾಗಿಲಲ್ಲಿ ಕೈಕುಲುಕಲು ನಿಲ್ಲುವ ಪಾದ್ರಿ ಅಯ್ಯನವರ ಹತ್ತಿರ ಏನು ಮಾತಾಡಲಿ ಎಂಬ ಸಂಕೋಚ ಇನ್ನೊಂದು. ಪ್ರಸಂಗ ಕೇಳಿದೆ, ಕಾಣಿಕೆ ಹಾಕಿದೆ, ಇನ್ನೇನಿದೆ ಅಂದುಕೊಂಡಿದ್ದೆ. ಇರುವುದೆಲ್ಲ ಕೊನೆಯ ಆಶೀರ್ವಾದದ ನಂತರವೇ! ಯಾರ ಮಗಳಿಗೆ ಹೆರಿಗೆಯಾಯಿತು, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರಿಗೆ ಬಾಡಿಗೆ ಮನೆ ಬೇಕು, ಎಲ್ಲ ಕಾಂಪೌಂಡಿನ ಮರದ ಕೆಳಗೆ ಗೊತ್ತಾಗುವುದು. ಆ ಅರ್ಧ ಗಂಟೆಯನ್ನು ನಾನು ಸುಮಾರು ಮೂರು ವರ್ಷ ಬಿಟ್ಟುಕೊಟ್ಟೆ. ಬಿಟ್ಟವಳು ನಾನು, ಮುನಿಸು ಮಾತ್ರ ಅವರ ಮೇಲೆ.

ಅದರ ಬೆಲೆ ತಿಳಿದದ್ದು ಒಂದು ಡಿಸೆಂಬರಿನಲ್ಲಿ. ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಚರ್ಚಿನ ಕ್ಯಾರಲ್ ತಂಡ ನಮ್ಮ ಏರಿಯಾಕ್ಕೆ ಬರುತ್ತದೆ ಎಂದು ಕೇಳಿ ರೋಸ್ ಕುಕ್ಕಿ, ಕಲ್‌ಕಲ್ ಎಂಬ ಹಬ್ಬದ ತಿಂಡಿ ಮಾಡಿಟ್ಟೆ. ನಕ್ಷತ್ರದ ಲೈಟು ಹಾಕಿದೆ. ಹತ್ತೂವರೆ ಹೊತ್ತಿಗೆ ಹಿಂದಿನ ರಸ್ತೆಯಲ್ಲಿ ಗಿಟಾರು ಕೇಳಿಸಿತು. ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಹಾಡು ಹತ್ತಿರ ಬಂದ ಹಾಗಾಗಿ ಮತ್ತೆ ದೂರ ಹೋಯಿತು. ವ್ಯಾನು ಹೊರಟ ಸದ್ದೂ ಕೇಳಿತು.

ಬೈಯಬೇಕೆಂದೇ ಮರು ಭಾನುವಾರ ಕೊನೆವರೆಗೂ ನಿಂತೆ. ತಂಡದ ಹುಡುಗ ಹಾಳೆ ತೋರಿಸಿದ: "ಅಕ್ಕಾ, ನವೆಂಬರಲ್ಲಿ ನಾಲ್ಕು ವಾರ ಆರಾಧನೆ ಮುಗಿದ ಮೇಲೆ ಇಲ್ಲೇ ಟೇಬಲ್ ಹಾಕಿ ಅಡ್ರೆಸ್ ಬರ್ಕೊಂಡ್ವಿ. ನಿಮ್ಮ ಹೆಸರು ಇಲ್ವಲ್ಲ." ಅವನ ಮುಖದಲ್ಲಿ ನಿಜವಾದ ಬೇಜಾರಿತ್ತು. ನನ್ನ ಕೋಪ ಅಲ್ಲೇ ಇಳಿಯಿತು.

ಮುಂದಿನ ಬೆಳೆ ಹಬ್ಬಕ್ಕೆ ಏಲಂ ಮುಗಿಯುವವರೆಗೂ ಕೂತೆ. ಜನ ತಮ್ಮ ಮನೆಯಿಂದ ಚರ್ಚಿಗೆ ಕಾಣಿಕೆಯಾಗಿ ತಂದ ಬಾಳೆಗೊನೆ, ತೆಂಗಿನಕಾಯಿ, ಮೊಟ್ಟೆ, ಕೇಕು ಎಲ್ಲ ಕೂಗುತ್ತಿದ್ದರು. ಒಬ್ಬರು ಕೊಂಡ ಮೊಟ್ಟೆಯನ್ನೇ ವಾಪಸ್ ಕೊಟ್ಟು ಮತ್ತೆ ಏಲಂ ಹಾಕಿಸಿದರು. ಒಂದು ದೊಡ್ಡ ಚೀನಿಕಾಯಿ ಬಂತು, ಇಲ್ಲಿಯವರು ಸಿಹಿಗುಂಬಳ ಅನ್ನುತ್ತಾರೆ. ಊರು ನೆನಪಾಗಿ ನೂರೈವತ್ತಕ್ಕೆ ಕೈ ಎತ್ತಿದೆ. ಮುಂದಿನ ಸಾಲಿನ ತಾತ ಒಬ್ಬರು ಇನ್ನೂರು ಅಂದರು. ಬಿಡದೆ ಮುನ್ನೂರೈವತ್ತರವರೆಗೂ ಹೋದೆ. ನಾನೂರಕ್ಕೆ ಅವರೇ ಗೆದ್ದು, ನಿಧಾನಕ್ಕೆ ನಡೆದು ಬಂದು ಕಾಯಿಯನ್ನು ನನ್ನ ಮಡಿಲಲ್ಲಿಟ್ಟರು. "ತಗೋಳಮ್ಮ. ಮನೇಲಿ ನಾವಿಬ್ರೇ ಇರೋದು, ಇಷ್ಟು ದೊಡ್ಡದನ್ನ ಏನ್ ಮಾಡೋಣ?"

ಮರುವಾರ ಅದರ ಕಡುಬು ಮಾಡಿ ಅವರ ಮನೆಗೆ ಕೊಂಡುಹೋದೆ. ಅವರ ಮನೆಯ ಅಜ್ಜಿಯೇ ನನಗೆ ರೋಸ್ ಕುಕ್ಕಿ ಸರಿಯಾಗಿ ಕಲಿಸಿದ್ದು: ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ.

ಆದ್ದರಿಂದ ಯಾವ ಚರ್ಚು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಗಂಟೆಗೆ ಹೊರಡುತ್ತೀರಿ ಹೇಳಿ. ಅದನ್ನು ಬದಲಿಸದಿದ್ದರೆ ಹೊಸ ಚರ್ಚಿನಲ್ಲೂ ಇದೇ ಕತೆ. ಹಾಸಿಗೆ ಹಿಡಿದವರಿಗೆ, ದೂರದೇಶದಲ್ಲಿರುವವರಿಗೆ ಆನ್‌ಲೈನ್ ಆರಾಧನೆ ದೊಡ್ಡ ವರ. ನಡೆದು ಹೋಗಬಲ್ಲ ನಿಮಗೆ ಅದು ಬೇಡ.

ಈ ಭಾನುವಾರ ನಿಲ್ಲಿ. ಚರ್ಚಿನಲ್ಲಿ ಊಟವಿದ್ದ ದಿನ ಅಡುಗೆ ಕಡೆ ಕೈ ಸಾಲದೆ ಇದ್ದೇ ಇರುತ್ತದೆ, ಈರುಳ್ಳಿ ಹೆಚ್ಚಲು ಕೂತುಬಿಡಿ. ನವೆಂಬರಿನಲ್ಲಿ ಅಡ್ರೆಸ್ ಕೊಡುವಾಗ ಮನೆ ನಂಬರಿನ ಜೊತೆ ಗೇಟಿನ ಬಣ್ಣ, ಪಕ್ಕದ ಅಂಗಡಿಯ ಹೆಸರೂ ಬರೆಸಿ. ರಾತ್ರಿ ಹನ್ನೊಂದಕ್ಕೆ ಆ ಹುಡುಗರಿಗೆ ನಂಬರು ಕಾಣುವುದಿಲ್ಲ.